ಕೋರ್ಟಿನ ಬಾಗಿಲಲ್ಲಿ ಚಪ್ಪಲಿ

ಮಲೇಷ್ಯಾದ ಪೇರಾಕ್‌ನ ಪುಟ್ಟ ಊರೊಂದರಲ್ಲಿ ಬ್ರಿಟಿಷರ ಕಾಲದ ಕೋರ್ಟು ಈಗ ಮ್ಯೂಸಿಯಂ ಆಗಿದೆ. ಮೈಸೂರಿಂದ ಬಂದಿದ್ದ ನಮ್ಮತ್ತೆಯನ್ನು ನಾವಿರುವ ಸೈಬರ್‌ಜಯಾದಿಂದ ಕಾರಲ್ಲಿ ಕೂರಿಸಿಕೊಂಡು ತೋರಿಸಲು ಹೋಗಿದ್ದೆ. ದಪ್ಪ ಕಂಬ, ಹೊಳೆಯುವ ನೆಲ ನೋಡಿದ್ದೇ ತಡ, ಅತ್ತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

"ಅತ್ತೆ, ಇದು ದೇವಸ್ಥಾನ ಅಲ್ಲ."

"ನ್ಯಾಯ ಹೇಳ್ತಿದ್ದ ಜಾಗ ತಾನೇ? ನೀನೂ ಬಿಡಮ್ಮ."

ಬಿಟ್ಟೆ. ನಮ್ಮತ್ತೆ ಹತ್ತಿರ ವಾದ ಮಾಡಿ ಗೆಲ್ಲೋ ವಕೀಲ ಇನ್ನೂ ಹುಟ್ಟಿಲ್ಲ.

ನಾವು ಕಟಕಟೆ ನೋಡುತ್ತಾ ನಿಂತಿದ್ದಾಗ ಒಂದು ಚೀನೀ ಕುಟುಂಬ ಒಳಗೆ ಬಂತು, ಬರಿಗಾಲಲ್ಲಿ. ಅವರ ಹಿಂದೆ ಒಂದು ಬಸ್ಸಿನ ತುಂಬ ಬಂದಿದ್ದ ಸ್ಕೂಲ್ ಟೀಚರುಗಳು, ಅವರೂ ಬರಿಗಾಲಲ್ಲಿ! ನಮ್ಮ ಚಪ್ಪಲಿ ನೋಡಿ ಇಲ್ಲಿಯ ಪದ್ಧತಿಯೇ ಇದು ಅಂದುಕೊಂಡಿದ್ದರು. ನನಗೆ ನಗು ತಡೆಯಲಾಗದೆ ದುಪ್ಪಟ್ಟಾ ಬಾಯಿಗೆ ಒತ್ತಿಕೊಂಡೆ.

ಅಷ್ಟರಲ್ಲಿ ಚಹಾ ಕುಡಿಯಲು ಹೋಗಿದ್ದ ಮ್ಯೂಸಿಯಂ ಗೈಡ್ ವಾಪಸ್ ಬಂದ. ಬಾಗಿಲ ತುಂಬ ಹರಡಿದ್ದ ಚಪ್ಪಲಿ ನೋಡಿದ, ನಮ್ಮೆಲ್ಲರ ಪಾದ ನೋಡಿದ. ಬೈಸಿಕೊಳ್ಳೋದು ಗ್ಯಾರಂಟಿ ಅಂತ ನಾನು ಅತ್ತೆಯ ಬೆನ್ನ ಹಿಂದೆ ಸರಿದೆ. ಅವನು ಒಂದು ಕ್ಷಣ ತಲೆ ಕೆರೆದುಕೊಂಡು, ತನ್ನ ಬೂಟನ್ನೂ ಬಿಚ್ಚಿಟ್ಟು, ಗಂಟಲು ಸರಿಮಾಡಿಕೊಂಡ.

"ಬ್ರಿಟಿಷರ ಕಾಲದಿಂದಲೂ ಈ ಕೋರ್ಟಿನೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಬಂದಿಲ್ಲ ಲಾ," ಅಂತ ಇಲ್ಲಿಯವರ ರೂಢಿಯ 'ಲಾ' ಬಾಲ ಸೇರಿಸಿ ಇಂಗ್ಲಿಷಿನಲ್ಲಿ ಘೋಷಿಸಿದ.

ಟೀಚರುಗಳು ತಲೆದೂಗುತ್ತಾ ಬರೆದುಕೊಂಡರು. ಅವನು ಅಂದದ್ದನ್ನು ನಾನು ಪಿಸುದನಿಯಲ್ಲಿ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ.

"ನೋಡು, ಎಷ್ಟು ಓದಿಕೊಂಡಿದ್ದಾನೆ! ನೀನು ನನ್ನ ಹತ್ರ ವಾದ ಮಾಡ್ತಿದ್ದೆ."