ಕಾಕಾನ ಭತ್ತಕ್ಕೆ ನಾನು ಕೊಟ್ಟ ಬಣ್ಣ

ಇವತ್ತು ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆಗೆದು ಕಂಪ್ಯೂಟರ್ ಶುರು ಮಾಡಿದರೆ ಮೂಲೆಯಲ್ಲೊಂದು ಸೂಚನೆ: 'ಮಾನಿಟರಿನ ಬಣ್ಣ ಸರಿಪಡಿಸುವ ಸಮಯವಾಗಿದೆ.' ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ನನ್ನನ್ನು ಸರಿಪಡಿಸುವ ಬಗ್ಗೆ ಮಾತ್ರ ಅದು ಚಕಾರ ಎತ್ತುವುದಿಲ್ಲ.

ಇದು ವೈಡ್ ಗ್ಯಾಮಟ್ ಮಾನಿಟರ್, ಸ್ವಾಮಿ. ಸಾಮಾನ್ಯ ಪರದೆಗಳ ಹಣೆಯಲ್ಲಿ ಬರೆಯದ ಹಸಿರು, ಕೆಂಪುಗಳೆಲ್ಲ ಇದರಲ್ಲಿ ಕಾಣುತ್ತವೆ. ಸಿಂಧನೂರಿಗೆ ಇದನ್ನು ತಂದ ಮೊದಲಿಗ ನಾನೇ ಎಂದು ನಾನೇ ಘೋಷಿಸಿಕೊಂಡಿದ್ದೆ. ಹೊರಗಿನ ಬೆಳಕು ಪರದೆಯ ಬಣ್ಣ ಕೆಡಿಸದಿರಲೆಂದು ಕಿಟಕಿಗೆ ಕಪ್ಪು ಬಟ್ಟೆ, ಗೋಡೆಗೆ ಬೂದು ಬಣ್ಣ. ಲಿಂಗಸುಗೂರಿನ ಮದುವೆ ಮನೆಯವರು ಆ ಕತ್ತಲೆಯಲ್ಲಿ ಎಡವುತ್ತ ಬಂದು, ನಾನು ಅರ್ಧ ದಿನ ತಿದ್ದಿದ ಸೀರೆಯ ಬಣ್ಣವನ್ನು ನೋಡದೆ, "ವಾಟ್ಸಾಪಿಗೆ ಹಾಕ್ರಿ" ಎಂದು ಗಾಜು ಒಡೆದ ಫೋನ್ ಮುಂದೆ ಹಿಡಿಯುತ್ತಿದ್ದರು. ಇಂಥವರ ನಡುವೆ ಬಣ್ಣ ಬಲ್ಲವನು ನಾನೊಬ್ಬನೇ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಹೋದ ಹಂಗಾಮಿನಲ್ಲಿ ತುರ್ವಿಹಾಳದ ಮಾನಪ್ಪ ಕಾಕಾ ಬಂದರು. ಅವರ ಹೊಲದ ಬಿತ್ತನೆ ಭತ್ತವೆಂದರೆ ಸುತ್ತಲಿನವರಿಗೆ ನಂಬಿಕೆ. ಬೆಳೆ ಹಸಿರಿರುವಾಗಲೇ ಹೇಳಿಟ್ಟು, ಕೊಯ್ಲಾದ ಮೇಲೆ ಮನೆ ಬಾಗಿಲಿಗೇ ಬಂದು ಒಯ್ಯುತ್ತಾರೆ. ಆ ಸಲ ಇನ್ನಷ್ಟು ಬೀಜ ಇಟ್ಟು, ಬಸ್ ನಿಲ್ದಾಣದ ಬಳಿ ಒಂದು ಬ್ಯಾನರ್ ಕಟ್ಟಿಸುವ ಆಸೆ ಅವರಿಗೆ.

"ನೆಲ್ಲು ಹೆಂಗೈತೋ ಹಂಗ ತೆಗಿ ತಮ್ಮ. ಹೆಚ್ಚಿಗಿ ಏನೂ ಮಾಡಬ್ಯಾಡ."

ಹೆಚ್ಚಿಗೆ ಮಾಡದಿದ್ದರೆ ಇಷ್ಟು ದೊಡ್ಡ ಮಾನಿಟರ್ ಯಾಕೆ? ಹೊಲದ ಫೋಟೊ ತೆಗೆದು ತಂದು, ಹಸಿರನ್ನು ಏರಿಸುತ್ತ ಏರಿಸುತ್ತ ಹೋದೆ. ಗದ್ದೆ ಗಿಳಿಯ ಹಾಗೆ ಹೊಳೆಯಿತು. ಆ ಖುಷಿಯಲ್ಲೇ ಫೈಲನ್ನು ಫ್ಲೆಕ್ಸ್ ಅಂಗಡಿಗೆ ಕಳಿಸಿದೆ. ಕಳಿಸುವ ಮುಂಚೆ ನನ್ನ ಪರದೆಯ ಬಣ್ಣದ ಲೆಕ್ಕವನ್ನು ಅವರ ಯಂತ್ರಕ್ಕೆ ತಿಳಿಯುವ ಸಾಮಾನ್ಯ ಲೆಕ್ಕಕ್ಕೆ ಬದಲಿಸಬೇಕಿತ್ತು. ಅಷ್ಟನ್ನು ಈ ಪಂಡಿತ ಮರೆತ. ಫ್ಲೆಕ್ಸಿನ ಮೇಲೆ ಹಸಿರೆಲ್ಲ ಇಳಿದು, ಗದ್ದೆ ಹಳದಿ ತಿರುಗಿತ್ತು. ಬ್ಯಾನರ್ ನೇರ ತುರ್ವಿಹಾಳಕ್ಕೆ ಹೋಯಿತು. ನಾನು ನೋಡಲೂ ಇಲ್ಲ.

ಬೇರೆಯವರಾದರೆ ಮಾಸಿದ ಫೋಟೊ ಎಂದು ಸುಮ್ಮನಾಗುತ್ತಿದ್ದರು. ಭತ್ತ ಬೆಳೆಯುವವರ ಕಣ್ಣಿಗೆ ತೆನೆ ಬಿಡದ ಗದ್ದೆ ಹಳದಿ ಎಂದರೆ ರೋಗ. ನಾಲ್ಕೇ ದಿನಕ್ಕೆ ಕಾಕಾ ಸ್ಟುಡಿಯೊಗೆ ಬಂದರು.

"ಬಸ್ಸಿಂದ ಇಳಿದವ್ರೆಲ್ಲ ನಿನ್ನ ಬೆಳಿಗೆ ಏನ್ ರೋಗ ಬಡದೈತಿ ಅಂತ ಕೇಳಾಕತ್ತಾರ. ಬೀಜ ಕೇಳಾಕ ಒಬ್ರೂ ಬಂದಿಲ್ಲ."

"ಇಲ್ನೋಡ್ರಿ ಕಾಕಾ, ನಾ ಮಾಡಿದ್ದು ಇದು," ಎಂದು ಮಾನಿಟರ್ ತೋರಿಸಿ ಶಹಬ್ಬಾಸ್‌ಗಿರಿಗೆ ಕಾದೆ.

ಕಾಕಾ ಜೇಬಿನಿಂದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತೆಗೆದರು. ಅದರ ಮೇಲೆ ಬೇರೆಬೇರೆ ಹಸಿರಿನ ಗೆರೆಗಳು. ಯೂರಿಯಾ ಬೇಕೋ ಬೇಡವೋ ಎಂದು ರೈತರು ಎಲೆಗೆ ಹಿಡಿದು ನೋಡುವ ಪಟ್ಟಿ. ಅದನ್ನು ನನ್ನ ಪರದೆಗೆ ಹಿಡಿದರು. ಯಾವ ಗೆರೆಗೂ ಹೊಂದಲಿಲ್ಲ.

"ಇದೂ ನನ್ನ ಹೊಲ ಅಲ್ಲ. ಇಷ್ಟು ಹಸಿರಿದ್ರ ಮಾನಪ್ಪ ಯೂರಿಯಾ ಸುರದಾನ ಅಂತಾರ. ಅಲ್ಲಿ ರೋಗ, ಇಲ್ಲಿ ಸೊಕ್ಕು. ನನ್ನ ನೆಲ್ಲು ಎಲ್ಲೈತಿ ತಮ್ಮ?"

ಬ್ಯಾನರ್ ಬಿಚ್ಚಿಸಿದೆವು. ಅಷ್ಟರಲ್ಲಿ ಮಾತು ಊರೂರು ಸುತ್ತಿತ್ತು. ಕೊಳ್ಳುವವರಿಲ್ಲದೆ ಬಿತ್ತನೆಯ ಭತ್ತವೆಲ್ಲ ಮಿಲ್ಲಿಗೆ ಹೋಗಿ ಅಕ್ಕಿಯಾಯಿತೆಂದು ಕೇಳಿದ ದಿನ ನನಗೆ ನಿಜವಾಗಿ ನಾಚಿಕೆಯಾಯಿತು. ಮುಖ ಮರೆಸಲು ಕತ್ತಲೆ ಕೋಣೆಯೊಂದು ಇತ್ತು, ಪುಣ್ಯ.

ಹಾಗಾಗಿ ಇವತ್ತು ಆ ಸೂಚನೆಯನ್ನು ಬದಿಗೆ ಸರಿಸಿ, ಬೇರೆಬೇರೆ ಹಸಿರಿನಲ್ಲಿ ಮುದ್ರಿಸಿಕೊಂಡ ನಾಲ್ಕು ಫ್ಲೆಕ್ಸ್ ತುಂಡು ಹಿಡಿದು ತುರ್ವಿಹಾಳಕ್ಕೆ ಹೋದೆ. ಕಾಕಾ ಬದುವಿನ ಮೇಲೆ ನಿಂತು ಒಂದೊಂದನ್ನೇ ಎಲೆಯ ಪಕ್ಕ ಹಿಡಿದರು. ಮೂರನ್ನು ವಾಪಸು ಕೊಟ್ಟರು. ಉಳಿದದ್ದನ್ನು ಬಹಳ ಹೊತ್ತು ನೋಡಿದರು.

"ಹ್ಞಾಂ, ಇದು ನನ್ನ ಹೊಲ."

ನನಗೆ ಕಣ್ಣು ತುಂಬಿ ಬಂತು. ಬ್ಯಾನರ್ ಎಷ್ಟು ದೊಡ್ಡದು ಮಾಡಿಸಲಿ ಎಂದು ಕೇಳಿದೆ.

"ಬ್ಯಾನರ್ ಯಾಕಪಾ? ಈ ಸಲ ಬೀಜಕ್ಕ ಇಡಂಗಿಲ್ಲ, ಎಲ್ಲಾ ಮಿಲ್ಲಿಗೇ," ಎಂದು ಆ ತುಂಡನ್ನೂ ನನ್ನ ಕೈಗಿಟ್ಟು, ಕಾಕಾ ನೀರು ಕಟ್ಟಲು ಹೋದರು.