ಜಮಖಾನದ ಅಂಗಿ

ಬಟ್ಟೆ ಅಂಗಡಿಗೆ ಹೋದರೆ ಮೊದಲು ತೋರಿಸಿದ್ದನ್ನೇ ತೆಗೆದುಕೊಂಡು ಬರುವವನು ನಾನು. ಇಷ್ಟು ವರ್ಷಗಳಲ್ಲಿ ಹಟ ಹಿಡಿದು, ಹುಡುಕಿ, ಎಳೆದು ನೋಡಿ ಮಾಡಿಸಿಕೊಂಡ ಉಡುಪು ಒಂದೇ ಒಂದು. ಅದನ್ನು ಹಾಕಿಕೊಂಡದ್ದೂ ಒಂದೇ ಹಬ್ಬಕ್ಕೆ. ಆ ಸಲ ಗೆದ್ದೆನೋ ಸೋತೆನೋ ಎಂಬುದು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ.

ಮದರಾಸಿನಲ್ಲಿ ಬಿ.ಎ. ಮುಗಿಸಿ ನಂಜನಗೂಡಿನ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಕಾಲ. ಜಪಾನಿನವರು ರಷ್ಯದವರನ್ನು ಸೋಲಿಸಿದ ಸುದ್ದಿ ಇನ್ನೂ ಬಿಸಿಯಾಗಿತ್ತು. ಸಂತೆಯಲ್ಲಿ ರಸಬಾಳೆ ಮಾರುವವರೂ ಜಪಾನಿನ ಮಾತಾಡುತ್ತಿದ್ದರು. ಆಗಲೇ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಜುಜುತ್ಸು ಎಂಬ ಜಪಾನಿ ಕುಸ್ತಿಯ ಮೇಲೆ ಲೇಖನವೊಂದನ್ನು ಓದಿದೆ. ಕುಳ್ಳನೊಬ್ಬ ಧಡಿಯನನ್ನು ಕೊರಳಪಟ್ಟಿ ಹಿಡಿದು ಉರುಳಿಸುತ್ತಿದ್ದ ಚಿತ್ರವೂ ಅದರಲ್ಲಿತ್ತು. ನಾನು ಕುಳ್ಳ. ಧಡಿಯ ಯಾರೆಂದು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ.

ಧಡಿಯ ನನ್ನ ಹೆಂಡತಿ ನಂಜಮ್ಮನ ಅಣ್ಣ, ತಿರುಮಕೂಡಲು ನರಸೀಪುರದ ಮಾದಪ್ಪ. ಗರಡಿಯಲ್ಲಿ ಬೆಳೆದ ಆಳು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ದೀಪಾವಳಿಗೆ ಹೋಗಿದ್ದಾಗ ಅವನು ಎಲ್ಲರೆದುರು, ನಮ್ಮ ಭಾವನೋರು ಎತ್ತೋ ಭಾರ ಅಂದ್ರೆ ಪುಸ್ತಕ ಒಂದೇ ಎಂದು ನಕ್ಕ. ಹೋಳಿಗೆ ಹೆಚ್ಚಾಗಿತ್ತೋ ಏನೋ, ಯುಗಾದಿಗೆ ಬಂದಾಗ ನಿನ್ನ ಬೆನ್ನಿಗೆ ಮಣ್ಣು ಮೆತ್ತುತ್ತೇನೆ ಎಂದುಬಿಟ್ಟೆ. ಮಾವನವರು ಎಲೆ ಅಡಿಕೆ ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಮಾತು ಊರೆಲ್ಲ ಹರಡಿತು. ಸೋತರೆ ಆ ಊರಿನಲ್ಲಿ ನಾನು ಸಾಯುವತನಕ ‘ಪುಸ್ತಕದ ಅಳಿಯ’ನೇ.

ಲೇಖನವನ್ನು ಮತ್ತೆ ಮತ್ತೆ ಓದಿದೆ. ಈ ವಿದ್ಯೆಯ ಗುಟ್ಟು ತೋಳಿನಲ್ಲಿಲ್ಲ, ಅಂಗಿಯಲ್ಲಿದೆ ಎಂದು ನನಗೆ ಹೊಳೆಯಿತು. ದಪ್ಪನೆಯ, ಸಡಿಲವಾದ, ಎಷ್ಟು ಎಳೆದರೂ ಹರಿಯದ ಅಂಗಿ, ಸೊಂಟಕ್ಕೊಂದು ಪಟ್ಟಿ. ತೋಳು ಬೆಳೆಸುವುದಕ್ಕೆ ವರ್ಷಗಳು ಬೇಕು. ಅಂಗಿ ಹೊಲಿಸುವುದಕ್ಕೆ ಒಂದು ವಾರ ಸಾಕು. ಓದಿದವರು ಇಂಥ ಕಡೆ ಬಹಳ ಬೇಗ ನಿರ್ಧಾರಕ್ಕೆ ಬರುತ್ತಾರೆ.

ನಂಜನಗೂಡಿನ ಪೇಟೆಯಲ್ಲಿ ನಾನು ಎಳೆಯದ ಬಟ್ಟೆ ಉಳಿಯಲಿಲ್ಲ. ಮಲ್ಲು ಎಳೆದ ಕೂಡಲೇ ಹರಿಯಿತು. ಲಾಂಗ್‌ಕ್ಲಾತ್ ಸ್ವಲ್ಪ ಹೊತ್ತು ತಡೆದು ಹರಿಯಿತು. ಡ್ರಿಲ್ಲನ್ನು ಅಂಗಡಿಯ ಶೆಟ್ಟರ ಕೊರಳಿಗೇ ಸುತ್ತಿ ಜಗ್ಗಿದೆ. ಶೆಟ್ಟರು ಗಲ್ಲಾದ ಮೇಲೆ ಬೋರಲಾಗಿ ಬಂದು, ಎದ್ದು, ಪೇಟ ಸರಿಮಾಡಿಕೊಂಡು ಕೇಳಿದರು: “ಮೇಷ್ಟ್ರೇ, ಇದು ಉಡೋಕೋ, ಎಳೆಯೋಕೋ?”

“ಎಳೆಯೋಕೆ.”

“ಹಂಗಾದ್ರೆ ಹಗ್ಗದಂಗಡಿ ಆ ಕಡೆ.”

ಕೊನೆಗೆ ದಾರಿ ತೋರಿಸಿದವಳು ನಂಜಮ್ಮ. ಗಂಡನೋ ಅಣ್ಣನೋ, ಯಾರು ಬಿದ್ದರೂ ಅವಳಿಗೆ ನಷ್ಟವೇ. ಆದರೂ ಜಮಖಾನ ಯಾಕಾಗಬಾರದು ಎಂದಳು. ತಮಾಷೆಗೆ ಅಂದಿದ್ದಳೆಂದು ಈಗ ಅನ್ನಿಸುತ್ತದೆ. ನಾನು ಮಾತ್ರ ಆ ಸಂಜೆಯೇ ನೀಲಿ ಪಟ್ಟೆಯ ಹೊಸ ಜಮಖಾನ ಕೊಂಡು ದರ್ಜಿ ರಂಗೋಜಿಯ ಮುಂದೆ ಹಾಸಿದೆ. ಚಿತ್ರ ಸೊಂಟದವರೆಗೆ ಮಾತ್ರ ಇದ್ದದ್ದರಿಂದ ಕೆಳಗೆ ಏನು ತೊಡುತ್ತಾರೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಜಪಾನಿನವರೂ ಮನುಷ್ಯರೇ ತಾನೆ, ಕಚ್ಚೆಯೇ ಇರಬೇಕು ಎಂದು ರಂಗೋಜಿ ತೀರ್ಪು ಕೊಟ್ಟ. ಹೊಲಿಯುವಾಗ ಸೂಜಿಗಳು ಮುರಿದವು, ಅವನ ಉತ್ಸಾಹ ಮುರಿಯಲಿಲ್ಲ. ಸಿದ್ಧವಾದ ಅಂಗಿಯನ್ನು ನೆಲದ ಮೇಲಿಟ್ಟರೆ ಯಾರ ಸಹಾಯವೂ ಇಲ್ಲದೆ ತಾನೇ ಕೂತಿರುತ್ತಿತ್ತು.

ಅದನ್ನು ಮಡಿಸುವುದು ಸಾಧ್ಯವಿರಲಿಲ್ಲ. ಹಾಗಾಗಿ ಯುಗಾದಿಯ ಬಿಸಿಲಿನಲ್ಲಿ ಅದನ್ನು ತೊಟ್ಟೇ ಗಾಡಿ ಹತ್ತಿದೆ. ಸುತ್ತೂರಿನ ಹತ್ತಿರ ಎತ್ತಿಗೆ ನೀರು ಕುಡಿಸುವಾಗ ರೈತನೊಬ್ಬ ಬಹಳ ಕನಿಕರದಿಂದ ನನ್ನನ್ನು ನೋಡಿ, “ಚಳಿಜ್ವರವಾ ಸಾ?” ಎಂದ. ನಂಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಸಮಾಧಾನ ಮಾಡಹೋದೆ.

ಮರುದಿನ ಬೆಳಿಗ್ಗೆ ಗರಡಿಯ ಹೊಸಿಲಲ್ಲೇ ಮೊದಲ ವಿಘ್ನ. ಮಟ್ಟಿ ಎಂದರೆ ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣ. ಅದಕ್ಕೆ ದಿನವೂ ಪೂಜೆಯಾಗುತ್ತದೆ. ದೇವರ ಗರ್ಭಗುಡಿಗೆ ಹೇಗೋ ಹಾಗೆ ಅಲ್ಲಿಗೂ ಅಂಗಿ ತೆಗೆದೇ ಇಳಿಯಬೇಕು.

“ಅಂಗಿ ಬುಚ್ಚಿ ಭಾವ,” ಎಂದ ಮಾದಪ್ಪ.

“ಅಂಗಿ ಬಿಚ್ಚಿದರೆ ವಿದ್ಯೆಯೇ ಬಿಚ್ಚಿದ ಹಾಗಯ್ಯ.”

“ಹಂಗಾರೆ ನಿಮ್ಮ ಇದ್ಯೆ ಆಚೆ ಇರ್‍ಲಿ, ನೀವು ಒಳಕ್ ಬನ್ನಿ.”

ಗರಡಿಯ ಹಿರಿಯರು ಮಧ್ಯಸ್ಥಿಕೆ ಮಾಡಿ, ಎರಡು ಹೊಳೆ ಕೂಡುವ ಕಡೆ ಮರಳಿದೆ, ಅಲ್ಲಿ ಯಾವ ಕಟ್ಟುಪಾಡೂ ಇಲ್ಲ ಎಂದರು. ಊರು ಹೊಳೆಯ ಕಡೆಗೆ ಹೊರಟಿತು.

ಮರಳಿನ ಮೇಲೆ ಎದುರುಬದುರು ನಿಂತಾಗ ನನ್ನ ವಿದ್ಯಾಭ್ಯಾಸದಲ್ಲಿದ್ದ ಕೊರತೆ ಕಣ್ಣಿಗೆ ಬಿತ್ತು. ಎದುರಾಳಿಯ ಕೊರಳಪಟ್ಟಿ ಹಿಡಿಯಬೇಕೆಂದು ಲೇಖನ ಹೇಳಿತ್ತು. ಮಾದಪ್ಪ ಲಂಗೋಟಿಯಲ್ಲಿ ನಿಂತಿದ್ದ, ಮೈಗೆ ಎಣ್ಣೆ ಬೇರೆ. ಕೊರಳಪಟ್ಟಿ ಇದ್ದದ್ದು ನನಗೆ. ಚಿತ್ರದಲ್ಲಿ ಇಬ್ಬರೂ ಅಂಗಿ ತೊಟ್ಟಿದ್ದನ್ನು ನಾನು ನೋಡಿದ್ದೆ, ಯೋಚಿಸಿರಲಿಲ್ಲ. ಎಷ್ಟು ಎಳೆದರೂ ಹರಿಯದ ಹಿಡಿಕೆಯನ್ನು ಊರೆಲ್ಲ ಹುಡುಕಿ, ಹೊಲಿಸಿ, ಬಿಸಿಲಲ್ಲಿ ಹೊತ್ತು ತಂದು ವೈರಿಯ ಕೈಗೇ ಕೊಟ್ಟಿದ್ದೆ. ಮಾದಪ್ಪ ಬೆಕ್ಕು ಮರಿಯನ್ನು ಎತ್ತುವಂತೆ ನನ್ನನ್ನು ಎತ್ತಿದ. ಕೆಳಗೆ ಹಾಕಲಿಲ್ಲ. ಎಲ್ಲಿ ಹಾಕಬೇಕೆಂದು ಕೇಳುವವನ ಹಾಗೆ ಸುತ್ತ ನೋಡಿದ. ನಂಜಮ್ಮ ಅಲ್ಲೇ ನಿಂತಿದ್ದಳು, ನಗದೆ.

ಮಾದಪ್ಪ ನನ್ನನ್ನು ಮೆಲ್ಲಗೆ ನಿಲ್ಲಿಸಿ, “ಇದು ನ್ಯಾಯ ಅಲ್ಲ ಕಣ್ರೀ ಭಾವ. ಆ ಅಂಗಿ ನಂಗ್ ಕೊಡಿ,” ಎಂದ.

ಅವನು ತೊಟ್ಟ. ನನಗೆ ಮಂಡಿಗೆ ಬರುತ್ತಿದ್ದದ್ದು ಅವನ ಹೊಕ್ಕುಳಿಗೇ ನಿಂತಿತು. ನಾನು ಎರಡು ಕೈಯಲ್ಲೂ ಕೊರಳಪಟ್ಟಿ ಹಿಡಿದು, ಚಿತ್ರದಲ್ಲಿದ್ದಂತೆ ತಿರುಗಿ, ಕಣ್ಣು ಮುಚ್ಚಿ ಜಗ್ಗಿದೆ. ಕಣ್ಣು ಬಿಟ್ಟಾಗ ಮಾದಪ್ಪ ಮರಳಿನ ಮೇಲೆ ಅಂಗಾತ ಬಿದ್ದಿದ್ದ. ಊರು ಕೂಗಿತು. ಮಾವನವರು ಎಲೆ ಅಡಿಕೆ ಉಗುಳಿ ಬಂದು ನನ್ನ ಬೆನ್ನು ತಟ್ಟಿದರು.

ಅವನು ಬಿದ್ದನೋ, ಬಿದ್ದುಕೊಟ್ಟನೋ? ಅವನ ಹಿಮ್ಮಡಿ ಮರಳಲ್ಲಿ ಜಾರಿದ್ದು ನನಗೆ ಚೆನ್ನಾಗಿ ನೆನಪಿದೆ. ಬೀಳುವ ಮುಂಚೆ ತಂಗಿಯ ಕಡೆ ಕಣ್ಣು ಮಿಟುಕಿಸಿದ್ದೂ ಅಷ್ಟೇ ಚೆನ್ನಾಗಿ ನೆನಪಿದೆ. ಕಣ್ಣು ಮುಚ್ಚಿದ್ದ ನಾನು ಇವೆರಡನ್ನೂ ಹೇಗೆ ನೋಡಿದೆ? ಅಂಗಿಯ ಕೊರಳಪಟ್ಟಿ ಎಡಗಡೆ ಹರಿದಿದೆ, ನಿಜ. ಆದರೆ ಇಬ್ಬರೂ ತೊಟ್ಟ ಅಂಗಿ ಯಾರ ಪರ ಸಾಕ್ಷಿ ಹೇಳೀತು? ಮಾದಪ್ಪನನ್ನು ಕೇಳಿದರೆ, ಜಪಾನಿನೋರ ಮುಂದೆ ನಮ್ದೇನಿದೆ ಭಾವ ಎಂದು ನಗುತ್ತಾನೆ. ಒಮ್ಮೆ ಧೈರ್ಯ ಮಾಡಿ ನಂಜಮ್ಮನನ್ನೇ ಕೇಳಿದೆ.

“ನಮ್ಮಣ್ಣ ಬೇಕೂಂತ ಬಿದ್ದ ಅಂದ್ರೆ ನಿಮಗೆ ಬೇಜಾರು. ನಿಜವಾಗ್ಲೂ ಬಿದ್ದ ಅಂದ್ರೆ ನಂಗೆ ಬೇಜಾರು. ಬುಡಿ ಅತ್ಲಾಗೆ,” ಎಂದಳು.

ಹಾಗೆನ್ನುತ್ತಾ ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಪಾತ್ರೆಯನ್ನು ಇಳಿಸಿದಳು. ಅವಳ ಎರಡು ಕೈಯಲ್ಲೂ ನೀಲಿ ಪಟ್ಟೆಯ ಬಟ್ಟೆಯ ತುಂಡುಗಳಿದ್ದವು. ಹರಿಯದೆ ಉಳಿದಿದ್ದ ಬಲಗಡೆಯ ಕೊರಳಪಟ್ಟಿಯನ್ನು ಅವಳು ಯಾವಾಗ ಕತ್ತರಿಸಿದಳೋ ನಾನು ಕೇಳಲಿಲ್ಲ. ಬಟ್ಟೆಯನ್ನು ಆರಿಸಿದ್ದು ಬಿಗಿಯಾಗಿ ಹಿಡಿಯುವುದಕ್ಕೆಂದೇ. ಅದು ಹಿಡಿಯುತ್ತಲೇ ಇದೆ. ಸಾರು ಚೆಲ್ಲಲಿಲ್ಲ. ನಾನು ಎಲೆಯ ಮುಂದೆ ಕೂತೆ.