ಮೂರ್ತಪ್ಪ ಹಿಡಿದ ವೀಳ್ಯ

ಹೊಳಲ್ಕೆರೆ ಕಡೆ ಮದುವೆಗೆ ಶಾಮಿಯಾನ ಬೇಕೆಂದರೆ ಜನ ಮೂರ್ತಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಶಾಮಿಯಾನಕ್ಕೆ ತೇಪೆ ಬಿದ್ದಿತ್ತು, ಕುರ್ಚಿಗಳು ಅಲ್ಲಾಡುತ್ತಿದ್ದವು, ಬಾಯಂತೂ ಬೆಂಕಿ. ಆದರೆ ಬರುತ್ತೇನೆಂದ ದಿನ ಬಂದೇ ಬರುತ್ತಿದ್ದ. ಮಗಳ ಹೆರಿಗೆಯ ದಿನವೂ ಯಾರದೋ ಗೃಹಪ್ರವೇಶಕ್ಕೆ ಗಳ ನೆಟ್ಟು, ಆಮೇಲೆ ಆಸ್ಪತ್ರೆಗೆ ಓಡಿದವನು.

ಅಂಥವನು ಆ ಸಂಜೆ ಸಮುದಾಯ ಭವನದ ಗೋಡೆಗೆ ಒರಗಿ, ಕೂರಲೂ ಆಗದೆ ಹೋಗಲೂ ಆಗದೆ ಒದ್ದಾಡುತ್ತಿದ್ದ. ಮಹಿಳಾ ಸಂಘದವರು ಸಿನಿಮಾ ಇಟ್ಟಿದ್ದರು. ಪರದೆ, ಕುರ್ಚಿ, ಮೈಕು ಎಲ್ಲ ಅವನದೇ. ಮುಗಿಯುವವರೆಗೆ ಜಾಗ ಬಿಡುವ ಹಾಗಿರಲಿಲ್ಲ. ಪರದೆಯ ಮೇಲೆ ಯಾವುದೋ ದೇಶದ ಹಳೇ ಕಾಲದ ಹೆಂಗಸರು ಉದ್ದ ಲಂಗ ಎತ್ತಿಕೊಂಡು, ನಮಗೂ ಓಟು ಕೊಡಿ ಎಂದು ಬೀದಿಯಲ್ಲಿ ಕೂಗುತ್ತಿದ್ದರು. ಜೈಲಿನಲ್ಲಿ ಉಪವಾಸ ಕೂತವಳ ಬಾಯಿಗೆ ಕೊಳವೆ ತುರುಕಿದಾಗ ಅವನ ತಾಯಿ ಕೆಂಚಕ್ಕ "ಅಯ್ಯೋ, ಇವರ ಕೈ ಸೇದೋಗ!" ಎಂದು ಶಾಪ ಹಾಕಿದಳು.

ಮೂರ್ತಪ್ಪನ ಸಂಕಟ ಬೇರೆ. ಪಂಚಾಯಿತಿ ಚುನಾವಣೆ ಹತ್ತಿರ ಬಂದಿತ್ತು. ಸೋದರಮಾವನ ಮಗ ಚಿಕ್ಕತಿಮ್ಮಪ್ಪ ನಿಲ್ಲುವವನಿದ್ದ. ಹಿಂದಿನ ವಾರ ಗ್ರಾಮದೇವತೆ ಅಮ್ಮನ ಗುಡಿಯಲ್ಲಿ, ಊರ ರೂಢಿಯಂತೆ, ಎಲೆ ಅಡಿಕೆ ಹಿಡಿದು ಮೂರ್ತಪ್ಪ ಅವನಿಗೆ ಮಾತು ಕೊಟ್ಟಿದ್ದ: ನಮ್ಮ ಮನೆಯ ಮೂರೂ ಓಟು ನಿನಗೇ. ಅವನದು, ತಾಯಿಯದು, ಹೆಂಡತಿ ಅನುಸೂಯಳದು. ಯಜಮಾನ ಎಲೆ ಹಿಡಿದರೆ ಮುಗಿಯಿತು, ಮನೆಯಲ್ಲಿ ಇನ್ನೊಬ್ಬರನ್ನು ಕೇಳುವ ಪದ್ಧತಿಯಿಲ್ಲ. ತಪ್ಪಿದರೆ ಅಮ್ಮ ಸುಮ್ಮನಿರುವುದಿಲ್ಲ. ಅನುಸೂಯಳಿಗೆ ಇದು ಗೊತ್ತಾದಾಗಿನಿಂದ ಗಂಡನ ಜೊತೆ ಮಾತಿಲ್ಲ. ಅವಳ ಸಂಘದ ಪಾಲಮ್ಮ ಅದೇ ಸೀಟಿಗೆ ನಿಲ್ಲುತ್ತಿದ್ದಳು.

ಸಿನಿಮಾ ಮುಗಿದು ಲೈಟು ಹಾಕಿದರು. ಚಿತ್ರದುರ್ಗದಿಂದ ಬಂದಿದ್ದ ಸುಚಿತ್ರಾ ಮೇಡಂ ಮೈಕು ಹಿಡಿದು, "ಏನನ್ನಿಸ್ತು, ಹೇಳ್ರಿ" ಎಂದರು.

"ಮುಗೀತಲ್ಲ, ಕುರ್ಚಿ ಎತ್ತಾಣ" ಎಂದು ಮೂರ್ತಪ್ಪ ಮುಂದೆ ನುಗ್ಗಿದ.

"ನಾವಿನ್ನೂ ಕುಂತೀವಿ ಕಣಣ್ಣ, ನಮ್ಮನ್ನೂ ಸೇರ್ಸಿ ಎತ್ತೀಯಾ?" ಎಂದಳು ಎದುರು ಮನೆ ಬಸಮ್ಮ. ಭವನವೆಲ್ಲ ನಕ್ಕಿತು.

ಆ ನಗುವಿನ ನಡುವೆಯೇ ಅನುಸೂಯ ಎದ್ದು ನಿಂತು ಮೈಕು ಇಸಿದುಕೊಂಡಳು.

"ಮೇಡಂ, ಅವ್ರಿಗೆ ಓಟೇ ಇರ್ಲಿಲ್ಲ. ನಮಗೆ ಐತೆ. ಆದ್ರೆ ನಮ್ಮನೆಯವ್ರು ನನ್ ಓಟೂ ಸೇರ್ಸಿ ಗುಡೀಲಿ ಎಲೆ ಹಿಡ್ದು ಬಂದವ್ರೆ. ನಾನು ಬೇರೆಯವ್ರಿಗೆ ಹಾಕಿದ್ರೆ ಆ ಆಣೆ ಯಾರಿಗೆ ತಟ್ತೈತೆ?"

ಮೂರ್ತಪ್ಪನ ಕಿವಿ ಕಾದವು. "ಲೇ, ಕುಂತ್ಕಳೇ! ಮನೆ ಮಾತು ಮೈಕಲ್ಲಿ ಆಡ್ತೀಯಾ?"

"ಮೈಕು ನಿಮ್ದೇ ಅಲ್ವಾ, ಆಫ್ ಮಾಡ್ರಿ. ಹಂಗೇ ಮಾತಾಡ್ತೀನಿ."

ಸುಚಿತ್ರಾ ಕಾನೂನು, ಗುಪ್ತ ಮತದಾನ ಎಂದು ಶುರು ಮಾಡಿದರು. ಅದು ಹೆಂಗಸರಿಗೂ ಗೊತ್ತಿತ್ತು. ಊರಿಗೆ ಗುಪ್ತ, ಸರಿ, ಗುಡಿಯ ಅಮ್ಮನಿಗೆ?

"ಎಲೆ ಹಿಡಿದೋನು ನೀನು" ಎಂದಳು ಕೆಂಚಕ್ಕ ಮಗನ ಕಡೆ ತಿರುಗಿ. "ತಟ್ಟಿದ್ರೆ ನಿಂಗೇ ತಟ್ಲಿ. ನನ್ ಓಟನ್ನೂ ನಂಬ್ಕಬ್ಯಾಡ, ನನ್ನೇನು ಕೇಳಿದ್ಯಾ?"

ಮೂರ್ತಪ್ಪ ಮೂರು ಓಟಿನ ಮಾತು ಕೊಟ್ಟಾಗಿತ್ತು, ಕೈಯಲ್ಲಿದ್ದದ್ದು ಒಂದು. ಇಷ್ಟು ವರ್ಷ ಒಂದು ದಿನವೂ ಸುಳ್ಳಾಗದ ಮಾತು ಈಗ ಗುಡಿಯ ಅಮ್ಮನ ಮುಂದೆಯೇ ಸುಳ್ಳಾಗುವುದರಲ್ಲಿತ್ತು. ಜನ ಸೇರಿದ್ದಾರೆಂದು ಬಂದು ಬಾಗಿಲ ಬಳಿ ನಿಂತಿದ್ದ ಚಿಕ್ಕತಿಮ್ಮಪ್ಪನ ಹತ್ತಿರ ದಡದಡನೆ ಹೋದ.

"ಲೇ ತಿಮ್ಮ, ಬೆಳಿಗ್ಗೆ ಗುಡಿಗೆ ಬಾ. ಆ ಮಾತು ವಾಪಸ್ ತಗೊತೀನಿ. ನಂದೊಂದೇ ನಿಂಗೆ."

"ಏನ್ ಭಾವ, ಹೆಂಗಸ್ರ ಮಾತಿಗೆ…"

"ಮುಚ್ಚಲೇ! ನಂದಲ್ಲದ್ದು ಕೊಟ್ಟಿದ್ದು ನಾನು. ಬೇಕಾದ್ರೆ ಹೋಗಿ ಅವ್ರನ್ನೇ ಕೇಳು."

ಚಿಕ್ಕತಿಮ್ಮಪ್ಪ ಅಂಗಿ ಸರಿಮಾಡಿಕೊಂಡು, ನಗು ತಂದುಕೊಂಡು, ಅನುಸೂಯಳ ಮುಂದೆ ಕೈ ಮುಗಿದ.

"ಬರ್ರಿ ಅಣ್ಣ" ಎಂದಳು ಅವಳು. "ನಮ್ಮ ಬೀದಿಗೆ ನಲ್ಲಿ ನೀರು ಬಂದು ಎಷ್ಟು ದಿನ ಆತು, ಗೊತ್ತೈತಾ?"

ಅವನು ದಿಕ್ಕು ತೋಚದೆ ಮೂರ್ತಪ್ಪನ ಮುಖ ನೋಡಿದ. ಮೂರ್ತಪ್ಪ ಬೆನ್ನು ತಿರುಗಿಸಿ ವೈರು ಸುತ್ತತೊಡಗಿದ. ಸುತ್ತಿದ್ದು ಗಂಟಾಯಿತು. ಬೈದುಕೊಳ್ಳುತ್ತ ಬಿಚ್ಚಿ, ಮತ್ತೆ ಸುತ್ತಿದ.